ಇಪ್ಪತ್ತೊಂಬತ್ತನೆಯ ಉಪವಾಸದ ಚಂದ್ರ

ಆರೂವರೆಗೆ ಸೂರ್ಯ ಮುಳುಗಿದ. ಆರೂ ಮುಕ್ಕಾಲಿಗೆ ಉಡುಪಿಯ ಕಾಲೇಜೊಂದರ ತಾರಸಿಯಲ್ಲಿ ಸಾರ್ವಜನಿಕ ಆಕಾಶ ವೀಕ್ಷಣೆ ಆರಂಭವಾಯಿತು. ಏಳಕ್ಕೆ ಕುಂಞಿಪಾತುಮ್ಮ ದೂರದರ್ಶಕದಲ್ಲಿ ಎಳೆಯ ಚಂದ್ರನನ್ನು ನೋಡಿ, ವಿವರಣೆ ನೀಡುತ್ತಿದ್ದ ಚೈತಾಲಿಯ ಕಡೆಗೆ ತಿರುಗಿದರು. “ಮಗಳೇ, ಹಳೆಯ ದಿನದ ಚಂದ್ರ ಎಲ್ಲಿದ್ದ ಅಂತ ನಿನ್ನ ಕಂಪ್ಯೂಟರಿನಲ್ಲಿ ಸಿಗ್ತದಾ?”

“ಸಿಗ್ತದೆ ಅಜ್ಜಿ. ಯಾವ ದಿನ?”

“ನನ್ನ ತಮ್ಮ ಹುಟ್ಟಿದ ದಿನ. ಆಸ್ಪತ್ರೆಯ ಚೀಟಿ ನೋಡಿ ತಾರೀಖು ಬರೆದು ತಂದಿದ್ದೇನೆ. ಅವತ್ತು ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸ. ಸೂರ್ಯ ಮುಳುಗಿದ ಮೇಲೆ ಕಾಪುವಿನ ಕಡಲ ಬದಿಯಲ್ಲಿ ನಾನು ಹಬ್ಬದ ಚಂದ್ರನನ್ನು ಕಂಡೆ.”

“ಮೋಡದ ಚೂರು ಕಂಡಿರಬೇಕು,” ಎಂದು ಪಕ್ಕದಲ್ಲಿದ್ದ ಅಣ್ಣ ಬದ್ರುದ್ದೀನ್ ನಕ್ಕರು. “ಅರುವತ್ತು ವರ್ಷದಿಂದ ಇವಳದ್ದು ಅದೇ ಹಠ.”

ಕುಂಞಿಪಾತುಮ್ಮ ನಗಲಿಲ್ಲ. “ಒಂಬತ್ತು ವರ್ಷದ ನನ್ನನ್ನು ಎಲ್ಲರೂ ಸುಳ್ಳುಗಾತಿ ಅಂದರು. ಅಪ್ಪ ಕೂಡ.”

ಚೈತಾಲಿ ದಿನಾಂಕವನ್ನೂ ಸ್ಥಳವನ್ನೂ ತುಂಬಿದಳು. ಪರದೆಯ ಮೇಲೆ ಎರಡು ಸಾಲುಗಳು ಮೂಡಿದವು. ಬದ್ರುದ್ದೀನ್ ಕನ್ನಡಕ ಸರಿಪಡಿಸಿಕೊಂಡು, ಬಗ್ಗಿ, ಬೆರಳಿಟ್ಟು ಅವನ್ನು ಓದಿದರು, ಮತ್ತೊಮ್ಮೆ ಓದಿದರು. ಚೈತಾಲಿ ಬಾಯಿ ತೆರೆಯುವ ಮೊದಲೇ ಅವರು ಲ್ಯಾಪ್‌ಟಾಪನ್ನು ಮೆಲ್ಲನೆ ಗೋಡೆಯ ಕಡೆಗೆ ತಿರುಗಿಸಿದರು.

“ಪಾತು, ಆ ದಿನ ನಾನೂ ಕಂಡಿದ್ದೆ,” ಎಂದರು. “ನಿನಗೆ ಮೊದಲು ಕಂಡಿತಲ್ಲ, ಅದಕ್ಕೆ ಹೊಟ್ಟೆಕಿಚ್ಚು. ಯಾರಿಗೂ ಹೇಳಲಿಲ್ಲ.”

ಕುಂಞಿಪಾತುಮ್ಮ ಅಣ್ಣನ ಅಂಗಿಯ ತೋಳನ್ನು ಹಿಡಿದುಕೊಂಡರು. “ಅಷ್ಟು ಹೇಳಲಿಕ್ಕೆ ಇಷ್ಟು ವರ್ಷ ಬೇಕಾಯಿತಾ ನಿಮಗೆ?”

ಗೋಡೆಗೆ ಮುಖ ಮಾಡಿದ್ದ ಪರದೆಯ ಪ್ರಕಾರ, ಆ ಸಂಜೆ ಕಾಪುವಿನಲ್ಲಿ ಚಂದ್ರನು ಸೂರ್ಯನಿಗಿಂತ ಒಂಬತ್ತು ನಿಮಿಷ ಮೊದಲೇ ಮುಳುಗಿದ್ದನು.