ಪುಕ್ಕಟೆ ಏಷ್ಯಾ

ವಗ್ದಿಯನ್ನು ಮಣ್ಣು ಮಾಡಿದ ನಾಲ್ಕನೆಯ ಬೆಳಿಗ್ಗೆ, ಸಂತಾಪ ಹೇಳುವವರೆಲ್ಲ ಹೇಳಿ ಮುಗಿಸಿ ಮನೆ ಬರಿದಾದ ಮೇಲೆ, ಆರು ವರ್ಷದ ಲುಜೈನ್ ಬೂಟು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಳು. ನಾಲ್ಕು ವರ್ಷದ ತಮ್ಮ ಹಾಜಿಮ್‌ಗೂ ಅವಳೇ ಹಾಕಿಸಿದ್ದಳು, ಎಡಬಲ ಅದಲುಬದಲಾಗಿ.

“ಅಮ್ಮಾ, ಅಪ್ಪನ ಜೊತೆ ಶುಕ್ರವಾರಾನೂ ಹೋಯ್ತಾ?”

ಅವರಮ್ಮ ನಹ್ಲಾ ಭೂಗೋಳದಲ್ಲಿ ಎಂ.ಎ. ಮಾಡಿದವಳು. ಸೂಯೆಜ್ ಕಾಲುವೆಯ ಮೇಲೆ ನೂರಿಪ್ಪತ್ತು ಪುಟ ಬರೆದು ಮೊದಲ ದರ್ಜೆ ತೆಗೆದುಕೊಂಡವಳು. ಪೋರ್ಟ್ ಸೈದಿನಿಂದ ಆಚೆ ದಡಕ್ಕೆ ಹೋಗುವ ಫೆರಿಗೆ ಟಿಕೆಟ್ಟಿಲ್ಲ, ಹತ್ತು ನಿಮಿಷದಲ್ಲಿ ಆಫ್ರಿಕಾ ಬಿಟ್ಟು ಏಷ್ಯಾ ಮುಟ್ಟಬಹುದು, ಕೈ ಖಾಲಿ ಇರುವ ಮಕ್ಕಳೊಂದಿಗರಿಗೆ ಅದಕ್ಕಿಂತ ದೊಡ್ಡ ವಿದೇಶ ಪ್ರವಾಸವಿಲ್ಲ ಎಂಬ ಸಂಗತಿ ಮಾತ್ರ ಆ ನೂರಿಪ್ಪತ್ತು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಹೇಳಿಕೊಟ್ಟವನು ಅವಳ ಗಂಡ, ಫ್ರಿಜ್ ರಿಪೇರಿಯ ವಗ್ದಿ. ಪ್ರತಿ ಶುಕ್ರವಾರ ಏಷ್ಯಾದ ದಡದಲ್ಲಿ ನಾಲ್ಕು ಮಡಚುವ ಸ್ಟೂಲು ಹಾಕಿ, ಒಂದು ಪೊಟ್ಟಣ ಹುರಿದ ಬೀಜ ಹಂಚಿ, ಯಾವ ಹಡಗಿನಲ್ಲಿ ಏನಿದೆಯೆಂದು ಮಕ್ಕಳಿಗೆ ಹೇಳುತ್ತಿದ್ದ. ಒಂದರ ತುಂಬ ಬರೀ ಎಡಗಾಲಿನ ಚಪ್ಪಲಿಗಳಂತೆ. ಬಲಗಾಲಿನವು ಮುಂದಿನ ವಾರ ಬರುತ್ತವಂತೆ.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಅಗತ್ಯವಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಮಕ್ಕಳಿಗೆ ಹಡಗು ತೋರಿಸುವುದು ಅಗತ್ಯವೆಂದು ಅತ್ತೆಯನ್ನು ಒಪ್ಪಿಸುವ ವಾದ ನಹ್ಲಾಗೆ ಹೊಳೆಯಲಿಲ್ಲ. ಕಲಿತ ವಿದ್ಯೆಯೆಲ್ಲ ಬಾಗಿಲ ಬಳಿ ಸುಮ್ಮನೆ ನಿಂತಿತು. ಆಗಲೇ ಬಾಗಿಲ ಹಿಂದಿನ ಸ್ಟೂಲುಗಳು ಕಣ್ಣಿಗೆ ಬಿದ್ದವು. ಅವು ವಗ್ದಿಯವಲ್ಲ. ಆಚೆ ದಡದ ಮುದುಕಿ ಅವಾತಿಫ್ ಖಾಲಾಳಿಂದ ಒಂದೇ ದಿನಕ್ಕೆಂದು ಎರವಲು ತಂದು ಎರಡು ವರ್ಷವಾಗಿತ್ತು.

“ಅತ್ತೇ, ಇವು ಅವರು ಇಸ್ಕೊಂಡು ಬಂದಿದ್ದು. ವಾಪಸ್ ಕೊಟ್ಟಿಲ್ಲ.”

ಅತ್ತೆಯ ಕೈಯಲ್ಲಿ ಜಪಮಾಲೆ ನಿಂತಿತು. ಎರವಲು ತಂದದ್ದು ಹಿಂದಿರುಗುವ ತನಕ ಸತ್ತವನ ಜೀವಕ್ಕೆ ನೆಮ್ಮದಿಯಿಲ್ಲವೆಂದು ನಂಬಿದವಳು ಅವಳು. ಇವತ್ತೇ ಕೊಟ್ಟು ಬಾ ಎಂದಳು. ಒಬ್ಬಳೇ ಹೋದರೆ ನೋಡಿದವರು ಏನಾದರೂ ಅಂದಾರು, ಮಕ್ಕಳನ್ನೂ ಕರೆದುಕೊಂಡು ಹೋಗು ಎಂದು ತಾನಾಗಿಯೇ ಸೇರಿಸಿದಳು.

ಫೆರಿ ಅರ್ಧ ಕಾಲುವೆ ದಾಟುವಷ್ಟರಲ್ಲಿ ಕರಿಯ ಹಡಗೊಂದು ಕಾಣಿಸಿತು. ಇದರಲ್ಲಿ ಏನಿದೆ ಎಂದು ಹಾಜಿಮ್ ಕೇಳಿದ. ಅದು ಕಂಟೇನರ್ ಹಡಗು, ಒಳಗೇನಿದೆಯೆಂದು ಹೊರಗಿನವರಿಗೆ ತಿಳಿಯುವುದಿಲ್ಲ ಎಂದು ನಹ್ಲಾ ಸರಿಯಾದ ಉತ್ತರವನ್ನೇ ಕೊಟ್ಟಳು. ಅವನ ಮುಖ ಸಪ್ಪಗಾಯಿತು. ಲುಜೈನ್ ತಮ್ಮನ ಕಿವಿಯ ಬಳಿ ಬಗ್ಗಿದಳು.

“ಅಮ್ಮ ಕಾಲೇಜಿಗೆ ಹೋದವಳು ಕಣೋ, ಪಾಪ.”

ದಡ ಸೇರಿದ ಮೇಲೆ ಲುಜೈನ್ ಅಭ್ಯಾಸದಂತೆ ನಾಲ್ಕೂ ಸ್ಟೂಲು ಬಿಡಿಸಿದಳು. ದೊಡ್ಡದು ಖಾಲಿ ಉಳಿಯಿತು. ಪಕ್ಕದ ಕುಟುಂಬದ ಒಬ್ಬ ಹೆಂಗಸು ಬಂದು, ಇಲ್ಲಿ ಯಾರಾದರೂ ಕೂರುತ್ತಾರಾ ಎಂದು ಕೇಳಿದಳು. ನಹ್ಲಾ ಅದರ ಮೇಲೆ ಕೈಯಿಟ್ಟಳು. ಆಕೆ ಅವಳ ಕಪ್ಪು ಬಟ್ಟೆ ನೋಡಿ ಹಿಂದೆ ಸರಿದಳು. ಅಷ್ಟರಲ್ಲಿ ಇನ್ನೊಂದು ಹಡಗು ಬಂತು. ಈ ಸಲ ಹಾಜಿಮ್ ಕೇಳಲೇ ಇಲ್ಲ. ಅವನು ಕೇಳದಿದ್ದುದೇ ಅವಳನ್ನು ಚುಚ್ಚಿತು.

“ಅದರ ತುಂಬ ಈರುಳ್ಳಿ,” ಎಂದಳು.

“ಬರೀ ಈರುಳ್ಳೀನಾ?”

“ಬರೀ ಈರುಳ್ಳಿ. ನೋಡು, ಕ್ಯಾಪ್ಟನ್ನಿಂದ ಹಿಡಿದು ಅಡಿಗೆಯವನ ತನಕ ಎಲ್ಲರೂ ಅಳ್ತಿದ್ದಾರೆ.”

ಮಕ್ಕಳು ಹಡಗಿನತ್ತ ಕಣ್ಣು ಕಿರಿದು ಮಾಡಿ ನೋಡಿ, ಬಿದ್ದು ಬಿದ್ದು ನಕ್ಕರು. ನಾಲ್ಕು ದಿನದಿಂದ ಒಂದು ಹನಿ ಕಣ್ಣೀರು ಬಾರದ ತನಗೆ ಇದು ಎಲ್ಲಿಂದ ಹೊಳೆಯಿತೋ ಎಂದು ಅವಳಿಗೇ ಸೋಜಿಗ. ವಗ್ದಿ ಇದ್ದಿದ್ದರೆ, ಸಾಧಾರಣ, ಹತ್ತಕ್ಕೆ ನಾಲ್ಕು ಅಂಕ ಅನ್ನುತ್ತಿದ್ದ. ಮುಂದಿನ ಶುಕ್ರವಾರ ಯಾವುದು ಬರುತ್ತದೆ ಎಂದು ಹಾಜಿಮ್ ಕೇಳಿದಾಗ ಅವಳ ನಗು ನಿಂತಿತು. ಸ್ಟೂಲು ಕೊಟ್ಟುಬಿಟ್ಟರೆ ಮುಂದಿನ ಶುಕ್ರವಾರಕ್ಕೆ ಹೊಸ್ತಿಲು ದಾಟಲು ನೆಪವಿಲ್ಲ. ನಾಲ್ಕು ತಿಂಗಳಾಗುವಷ್ಟರಲ್ಲಿ ಹುಡುಗ ಕೇಳುವುದನ್ನೇ ಮರೆತಿರುತ್ತಾನೆ.

ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದ ಅವಾತಿಫ್ ಖಾಲಾ ಬಾಗಿಲು ತೆರೆದವಳೇ, ನಿಮ್ಮತ್ತೆ ನಿನ್ನನ್ನು ಹೊರಗೆ ಹೇಗೆ ಬಿಟ್ಟಳು ಎಂದು ಕೇಳಿದಳು. ಎರವಲು ತಂದದ್ದನ್ನು ಮುಟ್ಟಿಸುವುದಕ್ಕೆ ಮಾತ್ರ ಅಪ್ಪಣೆಯಾಗಿದೆ ಎಂದು ಹೇಳಿ ನಹ್ಲಾ ದೊಡ್ಡ ಸ್ಟೂಲನ್ನು ಮುಂದೆ ಚಾಚಿದಳು.

“ನಾಲ್ಕು ಕೊಟ್ಟಿದ್ದೆನಲ್ಲ?”

“ನಾಲ್ಕೂ ಒಟ್ಟಿಗೆ ಹೊರೋಕೆ ಆಗ್ಲಿಲ್ಲ, ಖಾಲಾ.”

ಅವಳ ಬೆನ್ನ ಹಿಂದೆ, ಗೇಟಿನ ಬಳಿ, ಲುಜೈನ್ ಎರಡು ಸ್ಟೂಲನ್ನೂ ಹಾಜಿಮ್ ಒಂದನ್ನೂ ತಲೆಯ ಮೇಲೆ ಹೊತ್ತು ನಿಂತಿದ್ದರು. ಇಷ್ಟು ಓದಿದವಳಿಗೆ ಒಂದು ಸುಳ್ಳು ನೆಟ್ಟಗೆ ಹೇಳಲು ಬರಲಿಲ್ಲ.

ಮುದುಕಿ ಮಕ್ಕಳನ್ನು ನೋಡಿದಳು. ಸ್ಟೂಲನ್ನು ಕೈಗೆ ತೆಗೆದುಕೊಂಡು, ವಗ್ದಿ ಕೂತು ಕೂತು ಜೋತುಬಿದ್ದ ಬಟ್ಟೆಯನ್ನು ಅಂಗೈಯಿಂದ ಸವರಿದಳು. ಒಳಗೆ ಹೋಗಿ ಒಂದು ದೊಡ್ಡ ಹಳೆಯ ಕೊಡೆ ತಂದು ನಹ್ಲಾಳ ಕೈಗಿಟ್ಟಳು.

“ಭಾರ ಆಗತ್ತೆ, ನಿಜ. ವಾರಕ್ಕೊಂದು ತಾ. ಸ್ಟೂಲು ಮುಗಿದ ಮೇಲೆ ಇದು. ಇದನ್ನೂ ಅವನೇ ಇಸ್ಕೊಂಡಿದ್ದ ಅಂತ ನಿಮ್ಮತ್ತೆಗೆ ಹೇಳು.”