ದಿನಕ್ಕೊಂದು ಲೋಟ ನೀರು

ಕಿಟಕಿಯ ಪಕ್ಕದ ಆರ್ಕಿಡ್ ಗಿಡವನ್ನು ಸೊಸೆ ಕುಂಡದಿಂದ ಎತ್ತಿದಾಗ, ಬೇರುಗಳು ಬೆಂದ ಸೊಪ್ಪಿನಂತೆ ಕೈಯಲ್ಲೇ ಕಳಚಿ ಬಂದವು. ತೀರಿಕೊಂಡ ಗಂಡ ಸಾಕಿದ್ದ ಗಿಡಗಳಲ್ಲಿ ಉಳಿದಿದ್ದು ಇದೊಂದೇ. "ವಾರಕ್ಕೊಂದು ಸಲ ನೀರು ಹಾಕಿದ್ರೆ ಸಾಕು, ಹೆಚ್ಚಾದ್ರೆ ಬೇರು ಕೊಳೆಯುತ್ತೆ" ಎಂದು ಅವನು ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದ್ದನ್ನು ಅವಳು ಚಾಚೂ ತಪ್ಪದೆ ನಡೆಸಿದ್ದಳು. ಆದರೂ ಕೊಳೆತದ್ದು ಹೇಗೆ?

"ಏನಾಯ್ತೇ, ಒಣಗಿಹೋಯ್ತಾ?" ಬಾಗಿಲಲ್ಲಿ ನಿಂತ ಅತ್ತೆ ಕೇಳಿದರು. ಅವರ ಮಂಜುಗಣ್ಣಿಗೆ ಜೋತುಬಿದ್ದ ಎಲೆಗಳಷ್ಟೇ ಕಂಡಿದ್ದವು. "ಈ ದುಃಖದಲ್ಲಿ ನಿನಗೆಲ್ಲಿ ನೆನಪಿರುತ್ತೆ ಅಂತ, ನೀನು ಕೆಲಸಕ್ಕೆ ಹೋದ ಮೇಲೆ ದಿನಾ ಒಂದು ಲೋಟ ನೀರು ಹಾಕ್ತಿದ್ದೆ ಕಣೇ. ಅದರ ಹತ್ರ ಎರಡು ಮಾತೂ ಆಡ್ತಿದ್ದೆ, ಅವನ ಹತ್ರ ಆಡಿದ ಹಾಗೆ. ನಾನು ಹಾಕಿದ್ದು ಸಾಲಲಿಲ್ವೇನೋ!"

ಕೊಳೆತ ಬೇರುಗಳನ್ನು ಸೊಸೆ ಮುಷ್ಟಿಯೊಳಗೆ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಕಂದು ನೀರು ನೆಲಕ್ಕೆ ತೊಟ್ಟಿಕ್ಕಿತು.

"ನಾನೇ ಮರೆತಿದ್ದೆ, ಅತ್ತೆ," ಎಂದಳು. "ನೀವು ಹಾಕಿದ್ದಕ್ಕೇ ಇಷ್ಟು ದಿನವಾದ್ರೂ ಉಳೀತು."