ನಂಜಿನ ತೋಟ

ಒಂದೇ ಗಿಡದ ಬಗ್ಗೆ ಅದು ಅವಳ ನಾಲ್ಕನೆಯ ಪ್ರಶ್ನೆ. ಮಾಲಿ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ.

“ಒಂದೇ ಸಲಕ್ಕಲ್ಲ. ದಿನಾ ಚೂರು ಚೂರು ಹೊಟ್ಟೆಗೆ ಹೋದ್ರೆ?” ಎಂದು ಅವಳು ಕೇಳಿದಳು.

ಕೋಟೆಗೆ ಬಂದವರು ದರ್ಬಾರ್ ಹಾಲ್, ಬುರುಜು, ಗುಲಾಬಿ ತೋಟ ಎಲ್ಲ ಸುತ್ತಿ ಕೊನೆಗೆ ಈ ಕಬ್ಬಿಣದ ಗೇಟಿಗೆ ಬರುತ್ತಾರೆ. ಹಿಂದಿನ ರಾಣಿಯೊಬ್ಬಳು ತನ್ನ ವೈದ್ಯರಿಗಾಗಿ ಬೆಳೆಸಿದ ತೋಟ. ಒಳಗಿರುವುದೆಲ್ಲ ವಿಷದ ಗಿಡಗಳೇ. ಒಂದು ಸಲಕ್ಕೆ ಹತ್ತು ಜನ, ಚೀಲ ಹೊರಗೆ, ಕೈ ಬೆನ್ನ ಹಿಂದೆ. ಕೇಳಿದರೆ ಲಕ್ಷಣ ಹೇಳಬಹುದು, ಪ್ರಮಾಣ ಹೇಳಬಾರದು. ಇಪ್ಪತ್ತೆರಡು ವರ್ಷಗಳಲ್ಲಿ ಮಾಲಿ ಈ ನಿಯಮವನ್ನು ಒಮ್ಮೆಯೂ ಮೀರಿರಲಿಲ್ಲ.

“ವಾಂತಿ, ಊಟ ಸೇರಲ್ಲ, ನಾಡಿ ನಿಧಾನ, ಕಣ್ಣಿಗೆ ಎಲ್ಲ ಹಳದಿ ಹಳದಿ,” ಎಂದು ಗಿಣಿಪಾಠ ಒಪ್ಪಿಸಿದ. “ಕೊನೆಗೆ ಹೃದಯ ನಿಲ್ಲತ್ತೆ. ಹೃದಯದ ಮಾತ್ರೆ ಮಾಡೋದೂ ಇದರಿಂದಲೇ, ಅಮ್ಮಾ.”

“ಹಾಗಾದ್ರೆ ಮಾತ್ರೆಯಿಂದಲೂ ಹೀಗೇ ಆಗಬಹುದು.” ಅವಳು ನೇರಳೆ ಹೂಗೊಂಚಲಿನಿಂದ ಕಣ್ಣು ಕೀಳಲಿಲ್ಲ. “ನಮ್ಮ ಯಜಮಾನ್ರದು ಔಷಧದ ಅಂಗಡಿ. ಡಾಕ್ಟರಿಗೆ ಗೊತ್ತಾಗತ್ತಾ?”

ಮಾಲಿ ಗಿಡಕ್ಕೂ ಅವಳಿಗೂ ನಡುವೆ ಬಂದು ನಿಂತ.

“ಮೊದಲು ಹೊಟ್ಟೆ ಕೆಟ್ಟಿದೆ ಅಂತಲೇ ಅಂದ್ಕೋತಾರೆ. ಅನುಮಾನ ಬಂದು ರಕ್ತ ಪರೀಕ್ಷೆ ಮಾಡಿಸಿದ್ರೆ ಸಿಕ್ಕಿಬೀಳತ್ತೆ.” ಅವಳನ್ನು ಹೆದರಿಸಲೆಂದೇ ಸೇರಿಸಿದ: “ಖಂಡಿತ ಸಿಕ್ಕಿಬೀಳತ್ತೆ.”

“ನನಗೆ ಅಷ್ಟು ಗೊತ್ತಾದ್ರೆ ಸಾಕಿತ್ತು,” ಎಂದಳು.

ಗೇಟಿನಾಚೆ ಗುಲಾಬಿಯ ಸಾಲಿನ ಮುಂದೆ ಅವಳು ತಟ್ಟನೆ ನಿಂತಳು. “ಇವು ಯಾವ ಬಣ್ಣ?”

“ಬಿಳಿ.”

“ಎಲ್ಲವೂ?”

“ಎಲ್ಲವೂ ಬಿಳಿಯೇ, ಅಮ್ಮಾ.”

ಮಾತು ಮರೆಸುವುದರಲ್ಲಿ ಪಳಗಿದ ಹೆಂಗಸು ಎಂದುಕೊಂಡ ಮಾಲಿ.

ಅವಳ ಗಂಡ ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದ. ಎದ್ದುಬಂದು ಅವಳ ಹೆಗಲಿಗೆ ಶಾಲು ಹೊದಿಸಿದ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಊದಿ, ಕೈಗೆ ಕೊಟ್ಟ. ಅವನು ಅತ್ತ ತಿರುಗಿದ್ದೇ ತಡ, ಅವಳು ಲೋಟವನ್ನು ಬೇಲಿಯ ಬುಡಕ್ಕೆ ಸುರಿದಳು. ಎಂಥ ಗಂಡನಿಗೆ ಎಂಥ ಹೆಂಡತಿ!

ಮಾಲಿ ಸೀದಾ ಟಿಕೆಟ್ ಕೊಡುವವಳ ಕಿಟಕಿಗೆ ಹೋಗಿ ವಿಷಯ ಹೇಳಿದ.

“ನಿಮಗೆ ಕಂಡೋರೆಲ್ಲ ಕೊಲೆಗಾರರೇ, ಮಾಲಿಯಣ್ಣ! ಹೋದ ವಾರ ಪಾಪ ಆ ಡ್ರಾಯಿಂಗ್ ಮೇಷ್ಟ್ರ ಜೇಬು ಹುಡುಕಿಸಿದ್ರಿ.”

“ಜೇಬಲ್ಲಿ ಎಲೆ ಇತ್ತಲ್ಲ?”

“ಇತ್ತು. ಪುದೀನ!” ಎಂದು ಅವಳು ನಕ್ಕಳು.

ಮಾಲಿಗೆ ನಗು ಬರಲಿಲ್ಲ. ಮೇಷ್ಟ್ರು ದಿನಾ ಚೂರು ಚೂರಿನ ಬಗ್ಗೆ, ಡಾಕ್ಟರ ಬಗ್ಗೆ ಕೇಳಿರಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದು, ನಾಳೆ ಏನಾದರೂ ಆಗಿಹೋದರೆ? ಆ ಜೀವ ತನ್ನ ತಲೆಯ ಮೇಲೆ. ದಾರಿ ತೋರಿಸಿಕೊಟ್ಟವನೂ ತಾನೇ.

ಅಷ್ಟರಲ್ಲಿ ಆ ಹೆಂಗಸು ಕೈತೊಳೆಯಲು ಹೋದಳು. ಮಾಲಿ ದಾಪುಗಾಲು ಹಾಕಿ ಬೆಂಚಿನ ಹತ್ತಿರ ಬಂದ.

“ಸಾರ್, ತಪ್ಪು ತಿಳ್ಕೋಬೇಡಿ. ಮನೇಲಿ ಅಡುಗೆ ಯಾರು ಮಾಡೋದು?”

“ನಾನೇ.” ಗಂಡ ನಕ್ಕ. “ಈಚೆಗೆ ಅವಳನ್ನ ಒಲೆ ಹತ್ರ ಬಿಡೋದೇ ಇಲ್ಲ. ಯಾಕೆ?”

“ಸದ್ಯ!” ಮಾಲಿ ಉಸಿರುಬಿಟ್ಟ. “ಹಾಗೇ ಇರಿ. ಅವರ ಕೈಯಿಂದ ನೀರು ಸಹ ಕುಡೀಬೇಡಿ.”

ಆಮೇಲೆ ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದ: ದಿನಾ ಚೂರು ಚೂರು ಎಂದದ್ದು, ಮಾತ್ರೆಯ ಮಾತು, ಡಾಕ್ಟರ ಮಾತು, ರಕ್ತ ಪರೀಕ್ಷೆಯೆಂದು ತಾನು ಬೆದರಿಸಿದ್ದು. ಈ ಮನುಷ್ಯ ಕುಸಿದರೆ ಹಿಡಿದುಕೊಳ್ಳೋಣವೆಂದು ಒಂದು ಹೆಜ್ಜೆ ಮುಂದೆ ಬಂದ.

ಗಂಡ ಕುಸಿಯಲಿಲ್ಲ. ಹೆಂಡತಿ ಹೋದ ದಿಕ್ಕನ್ನು ನೋಡಿದ. ಕೋಟೆಯ ಬಾಗಿಲನ್ನು ನೋಡಿದ. ಅವಳು ಎರಡೂ ಕಡೆ ಕಾಣಲಿಲ್ಲ. ಮುಖದ ನಗು ಒಣಗಿತು.

“ರಕ್ತ ಪರೀಕ್ಷೇಲಿ ಸಿಗತ್ತೆ ಅಂತ,” ಎಂದು ಹಲ್ಲು ಕಚ್ಚಿ ಕೇಳಿದ, “ಅವಳಿಗ್ಯಾಕ್ರೀ ಹೇಳಿದ್ರಿ?”